ಟರ್ಬೊ ಸಿ, ಜಿಸಿಸಿ, ಮೊಬೈಲು: ಸಿ ಕಲಿಯಲು ಯಾವುದು?

ಮಂಗಳೂರಿನ ಸರ್ಕಾರಿ ಕಾಲೇಜೊಂದರಲ್ಲಿ ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಹೊಸದಾಗಿ ಸೇರಿದ ಜೂನಿಯರ್‌ಗಳು ಕೇಳುವ ಪ್ರಶ್ನೆ ಒಂದೇ, ಸಿ ಪ್ರೋಗ್ರಾಂ ಯಾವುದರಲ್ಲಿ ಬರೆದು ಕಲಿಯೋದು ಅಂತ. ಬರೆದ ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವುದು ಕಂಪೈಲರ್. ಲ್ಯಾಬಿನ ಟರ್ಬೊ ಸಿ ಕಂಪೈಲರ್, ಹಳೇ ಲ್ಯಾಪ್‌ಟಾಪಿಗೆ ಉಬುಂಟು (ಲಿನಕ್ಸ್) ಹಾಕಿ ಜಿಸಿಸಿ ಕಂಪೈಲರ್, ಮೊಬೈಲಿನಲ್ಲಿ ಲಿನಕ್ಸ್ ಥರದ ಕಮಾಂಡು ಓಡಿಸುವ ಟರ್ಮಕ್ಸ್ ಆ್ಯಪ್, ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಜಿಸಿಸಿಗೆ. ಆದರೆ ಎಲ್ಲರೂ ಬೈಯುವಷ್ಟು ಟರ್ಬೊ ಕೆಟ್ಟದ್ದಲ್ಲ.

ತಮಾಷೆ ಅಂದ್ರೆ ಟರ್ಬೊ, ಜಿಸಿಸಿ ಎರಡೂ ಹೊರಬಂದದ್ದು 1987ರಲ್ಲೇ. ಬೋರ್ಲೆಂಡ್ ಕಂಪನಿಯ ಟರ್ಬೊ, ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಂ ಕಾಲದಲ್ಲೇ ನಿಂತುಬಿಟ್ಟಿತು, ರಿಚರ್ಡ್ ಸ್ಟಾಲ್ಮನ್ ಶುರು ಮಾಡಿದ ಜಿಸಿಸಿ ಈಗಲೂ ಬೆಳೆಯುತ್ತಿದೆ. 64 ಬಿಟ್ ವಿಂಡೋಸ್‌ನಲ್ಲಿ ಟರ್ಬೊ ನೇರವಾಗಿ ಓಡುವುದೇ ಇಲ್ಲ, ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಬೇಕು.

ವ್ಯತ್ಯಾಸ ತಿಳಿಯಲು ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಗುಣಲಬ್ಧ) ಪ್ರೋಗ್ರಾಂ ಸಾಕು. ಟರ್ಬೊದಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಅಂದರೆ 2 ಬೈಟ್, 32767ರ ಆಚೆ ಜಾಗ ಇಲ್ಲ. 7 ಕೊಟ್ಟರೆ 5040 ಸರಿಯಾಗಿ ಬರುತ್ತದೆ, 8 ಕೊಟ್ಟರೆ 40320 ಬರಬೇಕಾದಲ್ಲಿ ಮೈನಸ್ 25216! ಜಿಸಿಸಿಯಲ್ಲಿ ಇಂಟ್ 4 ಬೈಟ್, ಹಾಗಾಗಿ 12ರ ತನಕ ತೊಂದರೆ ಇಲ್ಲ. 13ಕ್ಕೆ ನನಗೆ ಬಂದದ್ದು 1932053504. ಅದೂ ತಪ್ಪೇ, ಆದರೆ ಮೈನಸ್ ಇಲ್ವಲ್ಲ, ನೋಡಿದವರಿಗೆ ಸರಿ ಅಂತಲೇ ಅನಿಸುತ್ತದೆ ಮಾರಾಯ್ರೆ. ಓವರ್‌ಫ್ಲೋ, ಸಂಖ್ಯೆ ಜಾಗ ಮೀರುವುದು, ಅಂದರೆ ಎಂಥದ್ದು ಅಂತ ಬೇಗ ಅರ್ಥವಾಗುವುದು ಟರ್ಬೊದಲ್ಲೇ.

ಪಾಯಿಂಟರ್ (ಮೆಮೊರಿ ಅಡ್ರೆಸ್ ಇಡುವ ವೇರಿಯಬಲ್) ಬಂತು ಅಂದ್ರೆ ಲೆಕ್ಕ ತಿರುಗುತ್ತದೆ. ಪಾಯಿಂಟರಿನಿಂದ ಒಂದಕ್ಕೊಂದು ಜೋಡಿಸಿದ ಪಟ್ಟಿ, ಅಂದರೆ ಲಿಂಕ್ಡ್ ಲಿಸ್ಟಿನಲ್ಲಿ ಒಂದು ಪಾಯಿಂಟರಿಗೆ ಅಡ್ರೆಸ್ ಕೊಡುವುದು ಬಿಟ್ಟುಹೋಯಿತು ಅಂತಿಟ್ಟುಕೊಳ್ಳಿ. ಡಾಸ್‌ನಲ್ಲಿ ಮೆಮೊರಿಗೆ ಕಾವಲಿಲ್ಲ, ಪ್ರೋಗ್ರಾಂ ಎಲ್ಲೆಲ್ಲೋ ಬರೆದು ಸುಮ್ನೆ ಮುಂದೆ ಹೋಗಬಹುದು, ಔಟ್‌ಪುಟ್ಟೂ ಸರಿಯೇ ಬರಬಹುದು. ಲಿನಕ್ಸ್‌ನಲ್ಲಿ ಅದೇ ಕೋಡ್ ಹೆಚ್ಚಾಗಿ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಅಂತ ಅಲ್ಲೇ ಬೀಳುತ್ತದೆ. ಕಿರಿಕಿರಿ ಹೌದು. ಆದರೆ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಮತ್ತು ಡೀಬಗ್ ಆಪ್ಷನ್ ಹಾಕಿ ಕಂಪೈಲ್ ಮಾಡಿದರೆ ಎಷ್ಟನೇ ಸಾಲಿನಲ್ಲಿ ಬಿತ್ತು ಅಂತಲೂ ಹೇಳುತ್ತದೆ. ಡೇಟಾ ಸ್ಟ್ರಕ್ಚರ್ಸ್ ನನ್ನ ತಲೆಗೆ ಹತ್ತಿದ್ದು ಈ ಬೈಗುಳ ಓದಿಯೇ.

ಒಂದು ವಿಷಯದಲ್ಲಿ ಟರ್ಬೊವೇ ಸಲೀಸು. ಎಫ್7 ಒತ್ತುತ್ತಾ ಒಂದೊಂದೇ ಸಾಲು ಓಡಿಸಿ, ವೇರಿಯಬಲ್ ಹೇಗೆ ಬದಲಾಗುತ್ತದೆ ಅಂತ ವಾಚ್ ವಿಂಡೋದಲ್ಲಿ ನೋಡಬಹುದು. ಉಬುಂಟುವಿನಲ್ಲಿ ಅದಕ್ಕೆ ಜಿಡಿಬಿ ಎಂಬ ಡೀಬಗರಿನ (ತಪ್ಪು ಹುಡುಕುವ ಸಾಧನ) ಕಮಾಂಡುಗಳನ್ನು ಬಾಯಿಪಾಠ ಮಾಡಬೇಕು, ಹೊಸಬರಿಗೆ ತಲೆನೋವು.

ಮೊಬೈಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟರ್ಮಕ್ಸ್‌ನಲ್ಲಿ ಕ್ಲಾಂಗ್ ಕಂಪೈಲರ್ ಹಾಕಿಕೊಂಡರೆ ಆಮೇಲೆ ನೆಟ್ ಬೇಡ, ಮಳೆಗಾಲದಲ್ಲಿ ಕರೆಂಟು ಹೋದರೂ ಸಣ್ಣ ಪ್ರೋಗ್ರಾಂ ನೋಡಬಹುದು. ಆದರೆ ಉಡುಪಿ ಬಸ್ಸಿನಲ್ಲಿ ಕೂತು ಆ ಸಣ್ಣ ಕೀಬೋರ್ಡಿನಲ್ಲಿ ಕರ್ಲಿ ಬ್ರ್ಯಾಕೆಟ್ ಹುಡುಕುವಷ್ಟರಲ್ಲಿ ಪಡುಬಿದ್ರಿ ದಾಟಿರುತ್ತದೆ.

ಇನ್ನು ಪ್ರಾಕ್ಟಿಕಲ್ ಪರೀಕ್ಷೆ. ಅದು ಲ್ಯಾಬಿನಲ್ಲಿ ಇರುವುದರಲ್ಲೇ ಆಗಬೇಕು ಅಲ್ವಾ? ರೆಕಾರ್ಡಿನಲ್ಲಿರುವ ಕೊನಿಯೊ ಹೆಡರ್ (ಟರ್ಬೊದ ಸ್ಕ್ರೀನ್, ಕೀಬೋರ್ಡ್ ಕೆಲಸಗಳ ಫೈಲ್), ಸ್ಕ್ರೀನ್ ಕ್ಲಿಯರ್ ಮಾಡುವ ಸಾಲು ಉಬುಂಟುವಿನಲ್ಲಿ ನಡೆಯುವುದಿಲ್ಲ. ಜಿಸಿಸಿಯಲ್ಲಿ ರೂಢಿಯಾದ ಹಾಗೆ ಫಾರ್ ಪಕ್ಕದ ಬ್ರ್ಯಾಕೆಟ್ಟಿನ ಒಳಗೇ ಇಂಟ್ ಅಂತ ವೇರಿಯಬಲ್ ಘೋಷಿಸಿದರೆ ಸಿ ಫೈಲಿನಲ್ಲಿ ಟರ್ಬೊ ಒಪ್ಪುವುದಿಲ್ಲ. ಅದಕ್ಕೇ ವರ್ಷವಿಡೀ ಜಿಸಿಸಿಯಲ್ಲಿ ಕಲಿತರೂ ಪರೀಕ್ಷೆಗೆ ಒಂದು ವಾರ ಮೊದಲು ಟರ್ಬೊಗೆ ಬನ್ನಿ. ಕಂಟ್ರೋಲ್ ಎಫ್9 ರನ್, ಆಲ್ಟ್ ಎಫ್5 ಔಟ್‌ಪುಟ್. ಡಾಸ್ ಆದ್ದರಿಂದ ಫೈಲ್ ಹೆಸರು 8 ಅಕ್ಷರದೊಳಗೆ ಇರಲಿ.