ಕನ್ನಡಕ ಮಾರಲು ಒಪ್ಪದ ಮಾಟುಂಗಾದ ಅಂಗಡಿ

ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕಿರುವ ಈ ಪುಟ್ಟ ಅಂಗಡಿಗೆ ಅಕ್ಕನನ್ನು ಕರೆದೊಯ್ದದ್ದು ಹೊಸ ಕನ್ನಡಕಕ್ಕೆಂದು. ಲೋಕಲ್ ಹತ್ತುವಾಗ ಬಾಗಿಲಿನ ಕಂಬ ಅವಳಿಗೆ ಎರಡಾಗಿ ಕಾಣುತ್ತಿತ್ತು. ಒಮ್ಮೆ ಇಲ್ಲದ ಕಂಬಕ್ಕೆ ಕೈಚಾಚಿ ಬೀಳುವುದರಲ್ಲಿದ್ದಳು. ಮನೆಯ ಹತ್ತಿರದ ಬೇರೊಂದು ಅಂಗಡಿಯವರು ಏನೂ ಕೇಳದೆ ಎರಡು ಸಲ ಗಾಜು ಬದಲಿಸಿ ಹಣ ಪಡೆದಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇಲ್ಲಿಯ ಯಜಮಾನರು ಕುಂದಾಪುರದ ಕಡೆಯವರು. ಯಂತ್ರದ ಮುಂದೆ ಕೂರಿಸುವ ಮೊದಲೇ ಒಂದು ಕಣ್ಣು ಮುಚ್ಚಿಸಿ, "ಈಗ ಎಷ್ಟು ಕಾಣುತ್ತದೆ ಅಮ್ಮ?" ಎಂದರು. ಒಂದೇ. ಇನ್ನೊಂದು ಕಣ್ಣು ಮುಚ್ಚಿದಾಗಲೂ ಒಂದೇ. ಪೆನ್ನನ್ನು ಅಕ್ಕನ ಎಡಕ್ಕೆ ಸರಿಸಿದರು. ಎಡಗಣ್ಣು ಅರ್ಧದಲ್ಲೇ ನಿಂತುಬಿಟ್ಟಿತು.

"ಇದು ನಂಬರಿನ ತೊಂದರೆಯಲ್ಲ. ಹಿಂದೆ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ?"

ಒಂಬತ್ತು ವರ್ಷಗಳ ಹಿಂದಿನ ಸ್ತನ ಕ್ಯಾನ್ಸರನ್ನು ಅಕ್ಕ ಮೆಲ್ಲಗೆ ಹೇಳಿದಳು. ಅವರು ಆರ್ಡರ್ ಪುಸ್ತಕವನ್ನು ಮುಚ್ಚಿಟ್ಟರು. ಪರೀಕ್ಷೆಯ ಹಣವನ್ನೂ ಮುಟ್ಟಲಿಲ್ಲ. ಅದೇ ವಾರ ಕಣ್ಣಿನ ವೈದ್ಯರನ್ನು ಕಾಣಿರಿ, ಆ ಹಳೆಯ ಫೈಲನ್ನೂ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟರು.

ಕಣ್ಣುಗುಡ್ಡೆಯನ್ನು ತಿರುಗಿಸುವ ಆರು ಸ್ನಾಯುಗಳಲ್ಲಿ ಎಡಗಣ್ಣನ್ನು ಹೊರಕ್ಕೆಳೆಯುವ ಸ್ನಾಯು ಎಂಆರ್‌ಐಯಲ್ಲಿ ದಪ್ಪವಾಗಿ ಕಂಡಿತು. ಬಯಾಪ್ಸಿಯಲ್ಲಿ ಸಿಕ್ಕಿದ್ದು ಸ್ತನದ ಅದೇ ಲೋಬ್ಯುಲರ್ (ಹಾಲಿನ ಗ್ರಂಥಿಗಳಲ್ಲಿ ಹುಟ್ಟುವ) ಕ್ಯಾನ್ಸರ್. ಬೇರೆಡೆಯಿಂದ ಕಣ್ಣಿನ ಗೂಡಿಗೆ ಹರಡುವ ಕ್ಯಾನ್ಸರುಗಳಲ್ಲಿ ಸ್ತನದ್ದೇ ಹೆಚ್ಚಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ವಿಕಿರಣ ಚಿಕಿತ್ಸೆಯಾಯಿತು, ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೊಜೋಲ್ ಮಾತ್ರೆ ಶುರುವಾಯಿತು.

ಚಿಕಿತ್ಸೆಯ ನಂತರವೂ ನೋಟ ಪೂರ್ತಿ ಕೂಡಿಕೊಳ್ಳದಿದ್ದಾಗ ವೈದ್ಯರು ಫ್ರೆನೆಲ್ ಪ್ರಿಸಂ ಬರೆದರು. ಬೆಳಕನ್ನು ಬಾಗಿಸಿ ಎರಡು ನೋಟಗಳನ್ನು ಒಂದಾಗಿಸುವ, ತೆಳ್ಳನೆಯ, ಸಣ್ಣ ಗೀರುಗಳಿರುವ ಪ್ಲಾಸ್ಟಿಕ್ ಹಾಳೆ ಅದು. ಯಜಮಾನರು ಅದನ್ನು ಗಾಜಿನ ಆಕಾರಕ್ಕೆ ಕತ್ತರಿಸಿ, ನೀರಿನಲ್ಲಿ ಅದ್ದಿ, ಅಕ್ಕನ ಹಳೆಯ ಕನ್ನಡಕದ ಎಡಗಾಜಿನ ಒಳಬದಿಗೆ ಅಂಟಿಸಿದರು. ಸ್ವಲ್ಪ ಮಸುಕಾಗುತ್ತದೆ, ನೇರ ನೋಡಿದರೆ ಒಂದೇ, ತೀರ ಎಡಕ್ಕೆ ನೋಡಿದರೆ ಮತ್ತೆ ಎರಡು ಎಂದು ಮೊದಲೇ ತಿಳಿಸಿದ್ದರು, ಹಾಗೆಯೇ ಆಯಿತು. ಸ್ನಾಯು ಸುಧಾರಿಸಿದಂತೆ ಪ್ರಿಸಂನ ನಂಬರೂ ಇಳಿಯಿತು. ಆಗ ಹಾಳೆಯನ್ನು ಕಿತ್ತು ಬೇರೆಯದನ್ನು ಹಾಕಿದರು, ಹೊಸ ಕನ್ನಡಕ ಬೇಕಾಗಲಿಲ್ಲ. ಒಣಬಟ್ಟೆಯಿಂದ ಒರೆಸಬಾರದು, ನೀರಿನಲ್ಲಿ ತೊಳೆಯಬೇಕು ಎಂಬುದನ್ನು ಅಕ್ಕನ ಕೈಯಲ್ಲೇ ಮಾಡಿಸಿ ತೋರಿಸಿದರು.

ಹಾಳೆ ತರಿಸಲು ಎಂಟು ದಿನ ಹಿಡಿಯಿತು. ಅಲ್ಲಿಯವರೆಗೆ ಒಂದು ಗಾಜಿಗೆ ಮಬ್ಬು ಟೇಪು ಹಚ್ಚಿಕೊಟ್ಟಿದ್ದರು. ಅಂಗಡಿಯ ಮೂರು ಮೆಟ್ಟಿಲುಗಳು ಎತ್ತರವಾಗಿವೆ, ಹಿಡಿಯಲು ಕಂಬಿಯಿಲ್ಲ. ನೋಟ ಎರಡಾಗಿರುವವರನ್ನು ಕೈಹಿಡಿದೇ ಹತ್ತಿಸಿರಿ.