ಹಳೆಯ ಬಿ350 ಮದರ್‌ಬೋರ್ಡಿನ ಮೇಲೆ ರೈಝನ್ 5 5600

ಎಎಂಡಿಯ ಮೊದಲ ತಲೆಮಾರಿನ ರೈಝನ್ ಪ್ರೊಸೆಸರುಗಳು 2017ರಲ್ಲಿ ಬಂದಾಗ ಬಿ350 ಮದರ್‌ಬೋರ್ಡಿಗೆ ರೈಝನ್ 5 1600 ಹಾಕಿಸಿಕೊಂಡವರು ಬಹಳ ಮಂದಿ. ನನ್ನ ಡೆಸ್ಕ್‌ಟಾಪ್ ಕೂಡ ಅದೇ ಜೋಡಿಯದು. ಬೋರ್ಡು, ಡಿಡಿಆರ್4 ರ್‍ಯಾಮ್, ಪವರ್ ಸಪ್ಲೈ ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಆ ಪ್ರೊಸೆಸರ್ ವಿಂಡೋಸ್ 11ರ ಬೆಂಬಲಿತ ಪಟ್ಟಿಯಲ್ಲಿಲ್ಲ. ಬಿ350ಯಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4; ಅದನ್ನು ಬಿಟ್ಟು ಹೊಸ ಎಎಂ5 ಸಾಕೆಟ್‌ಗೆ ಹೋದರೆ ಬೋರ್ಡಿನ ಜೊತೆಗೆ ಡಿಡಿಆರ್5 ರ್‍ಯಾಮನ್ನೂ ಕೊಳ್ಳಬೇಕಾಗುವುದರಿಂದ, ಪ್ರೊಸೆಸರ್ ಒಂದನ್ನೇ ಬದಲಿಸುವ ದಾರಿಯನ್ನು ಆರಿಸಿಕೊಂಡೆ.

2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ರೈಝನ್ 5 5600ರಲ್ಲೂ ಹಳೆಯದರಂತೆ 6 ಕೋರ್, 12 ಥ್ರೆಡ್‌ಗಳೇ ಇವೆ. ಆದರೆ ಗರಿಷ್ಠ ವೇಗ 3.6ರಿಂದ 4.4 ಗಿಗಾಹರ್ಟ್ಸ್‌ಗೆ, ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಸ್ಮರಣೆ) 16ರಿಂದ 32 ಎಂಬಿಗೆ ಏರಿದೆ; ಅದಕ್ಕಿಂತ ಮುಖ್ಯವಾಗಿ, ಒಳವಿನ್ಯಾಸ ಬದಲಾಗಿರುವುದರಿಂದ ಅದೇ ವೇಗದಲ್ಲಿಯೂ ಪ್ರತಿ ಕೋರ್ ಹೆಚ್ಚು ಕೆಲಸ ಮಾಡುತ್ತದೆ. ಟಿಡಿಪಿ, ಅಂದರೆ ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು, ಮಾತ್ರ ಮೊದಲಿನ 65 ವ್ಯಾಟ್‌ನಲ್ಲೇ ಉಳಿದಿದೆ. ಅಗ್ಗದ ಬಿ350 ಬೋರ್ಡುಗಳ ವಿದ್ಯುತ್ ಪೂರೈಕೆಯ ಭಾಗ ಅಷ್ಟೇನೂ ಗಟ್ಟಿಯಲ್ಲವಾದ್ದರಿಂದ, 105 ವ್ಯಾಟ್‌ನ ಇನ್ನೊಂದು ಎಎಂ4 ಪ್ರೊಸೆಸರ್ 5800ಎಕ್ಸ್3ಡಿಗಿಂತ ಇದೇ ಅವಕ್ಕೆ ಹೊಂದುವ ಚಿಪ್ ಎಂಬುದು ನನ್ನ ಅಭಿಪ್ರಾಯ.

ಇಡೀ ಕೆಲಸದ ಜೀವಾಳ ಬಯೋಸ್, ಅಂದರೆ ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ತಯಾರಕರ ತಾಣದಲ್ಲಿ ನಿಮ್ಮ ಬೋರ್ಡಿನ ಮಾದರಿಯನ್ನು, ಅದರ ರಿವಿಷನ್ ಸಂಖ್ಯೆಯ ಸಮೇತ, ಹುಡುಕಿ 5600ರ ಹೆಸರು ಬೆಂಬಲಿತ ಪ್ರೊಸೆಸರುಗಳ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡು, ಅದಕ್ಕೆ ಬೇಕಾದ ಬಯೋಸನ್ನು ಪೆನ್‌ಡ್ರೈವ್‌ನಿಂದ ಹಾಕಬೇಕು. ಕೆಲವು ಬೋರ್ಡುಗಳಿಗೆ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕುವುದು ಕಡ್ಡಾಯ. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಎಎಂ4 ಪ್ರೊಸೆಸರುಗಳಲ್ಲಿ ಪಿನ್ನುಗಳು ಚಿಪ್ಪಿನ ತಳದಲ್ಲೇ ಇರುತ್ತವೆ. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಒಣಗಿ ಕೂಲರಿಗೆ ಬಿಗಿಯಾಗಿ ಅಂಟಿಕೊಂಡಿದ್ದಾಗ ಕೂಲರನ್ನು ನೇರವಾಗಿ ಮೇಲಕ್ಕೆಳೆದರೆ, ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದು ಪಿನ್ನು ಬಾಗುವುದುಂಟು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಭಾರದ ಕೆಲಸದಲ್ಲಿ ಓಡಿಸಿ ಬಿಸಿಯಾಗಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದರೆ ಅಂಟು ಬಿಡುತ್ತದೆ. ಹೊಸ ಚಿಪ್ಪಿನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವು ಸಾಕೆಟ್‌ನ ತ್ರಿಕೋನಕ್ಕೆ ಎದುರಾದರೆ ಪ್ರೊಸೆಸರ್ ತನ್ನ ಭಾರದಿಂದಲೇ ಕುಳಿತುಕೊಳ್ಳಬೇಕು. ಒತ್ತುವ ಅಗತ್ಯ ಬಿದ್ದರೆ ಏನೋ ತಪ್ಪಿದೆಯೆಂದೇ ಅರ್ಥ.

ಮೊದಲ ಸಲ ಆನ್ ಮಾಡಿದಾಗ ಎಫ್‌ಟಿಪಿಎಂ (ಗೂಢಲಿಪಿಯ ಕೀಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ) ರೀಸೆಟ್ ಮಾಡಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಬರಬಹುದು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ಬಿಟ್‌ಲಾಕರ್ ಬಳಸುತ್ತಿರುವವರು ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಂಡಿರದಿದ್ದರೆ ಇಲ್ಲಿ ಡೇಟಾ ಕಳೆದುಕೊಳ್ಳುವ ಅಪಾಯವಿದೆ.

ಬಳಕೆಯಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ವಿಡಿಯೊ ಎಡಿಟಿಂಗ್‌ನಲ್ಲಿ ಟೈಮ್‌ಲೈನ್ ತಡವರಿಸುವುದಿಲ್ಲ, ಬ್ರೌಸರಿನಲ್ಲಿ ಎಷ್ಟೇ ಟ್ಯಾಬ್ ತೆರೆದರೂ ಯಂತ್ರ ಚುರುಕಾಗಿರುತ್ತದೆ, ಜೊತೆಗೆ ಬರುವ ರೈತ್ ಸ್ಟೆಲ್ತ್ ಕೂಲರ್ ನಿತ್ಯದ ಕೆಲಸಕ್ಕೆ ಸಾಕು. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳನ್ನು ಜೋಡಿಸುವ ವೇಗದ ಸಂಪರ್ಕವಾದ ಪಿಸಿಐಇ 4.0 ಮಾತ್ರ ಈ ಬೋರ್ಡಿನಲ್ಲಿ ಸಿಗದು. ಚಿಪ್ಪಿನೊಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಪ್ರತ್ಯೇಕ ಕಾರ್ಡ್ ಬೇಕೇ ಬೇಕು. ಕಾರ್ಡ್ ಇಲ್ಲದವರು ಗ್ರಾಫಿಕ್ಸ್ ಒಳಗೊಂಡ 5600ಜಿ ನೋಡಬಹುದು. 1600 ಅಥವಾ 2600 ಇರುವವರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. 3600 ಇರುವವರು ಈ ಹಣವನ್ನು ಎಸ್‌ಎಸ್‌ಡಿಗೋ ಗ್ರಾಫಿಕ್ಸ್ ಕಾರ್ಡಿಗೋ ಹಾಕುವುದು ಲೇಸು.