ಮಲ್ಪೆಯ ಉಪ್ಪುಗಾಳಿಗೆ ಮೂರು ಮದ್ದು: ನನ್ನ ಮತ ನೈಟ್ರೈಟಿಗೆ

ಉಪ್ಪುಗಾಳಿಗೆ ಒಳಗಿನ ಕಂಬಿ ತುಕ್ಕು ಹಿಡಿದು ಹಳೇ ಮನೆಯ ಸಜ್ಜಾ ಬಿರುಕು ಬಿಟ್ಟಾಗ ಅಂಗಡಿಯವರ ಮಾತು ನಂಬಿ, ಕಾಂಕ್ರೀಟಿನ ಮೇಲಿಂದ ಬಳಿದರೆ ಒಳಗಿಳಿದು ತುಕ್ಕು ತಡೆಯುತ್ತದೆ ಎನ್ನುವ ಅಮೈನ್ ದ್ರಾವಣ ತಂದಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ತುಕ್ಕಿನ ಕಲೆ. ಹೊಸ ಮನೆಗೆ ಯಾರ ಮಾತೂ ಬೇಡ, ನಾನೇ ಪರೀಕ್ಷೆ ಮಾಡುತ್ತೇನೆ ಎಂದು ಹಠ ಹಿಡಿದೆ.

ಎಂ20 ದರ್ಜೆಯ ಕಾಂಕ್ರೀಟಿನ ನಾಲ್ಕು ಕ್ಯೂಬ್ ಹಾಕಿದೆ. ಒಳಗೆ 10 ಮಿಮೀ ಕಂಬಿ, ಬೇಕಂತಲೇ ಬರೀ 20 ಮಿಮೀ ಕವರ್ (ಕಂಬಿಯ ಮೇಲಿನ ಕಾಂಕ್ರೀಟಿನ ದಪ್ಪ). ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಕಲಸುವಾಗಲೇ ಬೆರೆಸುವ ತುಕ್ಕಿನ ಮದ್ದು ಕ್ಯಾಲ್ಸಿಯಂ ನೈಟ್ರೈಟ್. ಒಂದರ ಕಂಬಿಗೆ ಸತುವಿನ ಪ್ರೈಮರ್. ಇನ್ನೊಂದಕ್ಕೆ ಮೊದಲು ಉಪ್ಪುನೀರು ಕುಡಿಸಿ, ಆಮೇಲೆ ಅಮೈನ್. ವಾರದಲ್ಲಿ 2 ದಿನ 3.5% ಉಪ್ಪುನೀರು, 5 ದಿನ ಬಿಸಿಲು. ತಿಂಗಳಿಗೊಮ್ಮೆ ಕಂಬಿಯ ವಿದ್ಯುತ್ ಮಟ್ಟ ಅಳೆಯಲು ತಾಮ್ರ-ಮೈಲುತುತ್ತದ ಹಾಫ್ ಸೆಲ್ ಇಟ್ಟು ಮಲ್ಟಿಮೀಟರ್ ನೋಡುವುದು. ಮೈನಸ್ 350 ಮಿಲಿವೋಲ್ಟ್ ದಾಟಿತೆಂದರೆ ಒಳಗೆ ತುಕ್ಕು ಶುರುವಾಗಿದೆ ಎಂದೇ ಲೆಕ್ಕ.

ಏನೂ ಹಾಕದ್ದು ಆರನೇ ತಿಂಗಳಿಗೇ ದಾಟಿತು. ಅಮೈನ್ ಬಳಿದದ್ದೂ ಅದರ ಹಿಂದೆಯೇ ಹೋಯಿತು. ಉಪ್ಪು ಆಗಲೇ ಕಂಬಿ ಮುಟ್ಟಿದ್ದರೆ ಮೇಲೆ ಬಳಿದು ಏನು ಪ್ರಯೋಜನ, ಅಲ್ವಾ? ಸತುವಿನದನ್ನು ಈ ಮೀಟರಿನಲ್ಲಿ ಅಳೆಯಲು ಹೋದದ್ದು ನನ್ನದೇ ದಡ್ಡತನ. ಸತುವೇ ಮುಳ್ಳನ್ನು ಮೈನಸ್ ಕಡೆಗೆ ಎಳೆಯುತ್ತದೆ. ವರ್ಷದ ಕೊನೆಗೆ ಒಡೆದು ನೋಡಿದರೆ ಪರವಾಗಿಲ್ಲ, ಬಣ್ಣ ಕೆತ್ತಿಹೋದ ಕಡೆ ಮಾತ್ರ ತುಕ್ಕು. ನೈಟ್ರೈಟ್ ವರ್ಷವಿಡೀ ಮೈನಸ್ 200ರ ಒಳಗೇ ಇತ್ತು.

ಆದರೆ ನೈಟ್ರೈಟ್ ಹಾಕಿದರೆ ಕಾಂಕ್ರೀಟ್ ಬೇಗ ಗಟ್ಟಿಯಾಗುತ್ತದೆ. ಕ್ಯೂಬಿನಲ್ಲಿ ಇದು ಗೊತ್ತೇ ಆಗಲಿಲ್ಲ. ಹೊಸ ಮನೆಯ ಮೊದಲ ಬೀಮ್ ಹಾಕಿದ್ದು ಏಪ್ರಿಲ್ ಮಧ್ಯಾಹ್ನ. ವೈಬ್ರೇಟರ್ ಇಳಿಸುವಷ್ಟರಲ್ಲಿ ಬಿಗಿಯತೊಡಗಿತು, ಕರಣೆ ಓಡಲಿಲ್ಲ. "ಇದೆಂಥ ಮದ್ದು ಮಾರಾಯ್ರೆ, ಮಿಕ್ಸರಿನಲ್ಲೇ ಕಲ್ಲಾಗ್ತದೆ" ಎಂದು ಮೇಸ್ತ್ರಿ ಬೈದರು. ಬೀಮಿನ ತುದಿಯಲ್ಲಿ ಜೇನುಗೂಡಿನಂತೆ ತೂತುಗಳೆದ್ದು ಅಷ್ಟನ್ನೂ ಒಡೆಸಬೇಕಾಯಿತು.

ಆಮೇಲೆ ಬೆಳಗ್ಗೆ ಆರಕ್ಕೇ ಶುರು. ಗಟ್ಟಿಯಾಗುವುದನ್ನು ನಿಧಾನಿಸುವ ರಿಟಾರ್ಡರ್ ಕೂಡ ಹಾಕಿಸಿದೆ, ಆದರೆ ಎರಡನ್ನೂ ಒಂದೇ ಬಕೆಟಿನಲ್ಲಿ ಬೆರೆಸದೆ ಬೇರೆ ಬೇರೆಯಾಗಿ. ಇನ್ನೊಂದು: 10 ಲೀಟರ್ ನೈಟ್ರೈಟ್ ದ್ರಾವಣದಲ್ಲಿ 8 ಲೀಟರಿಗೂ ಜಾಸ್ತಿ ನೀರೇ ಇರುತ್ತದೆ. ಅಷ್ಟನ್ನು ಕಲಸುವ ನೀರಿನಲ್ಲಿ ಕಳೆಯದಿದ್ದರೆ ಕಾಂಕ್ರೀಟ್ ಸಡಿಲವಾಗುತ್ತದೆ. ಉಳಿಸಲು ಹೋಗಿ ಕಡಿಮೆ ಹಾಕಿದರೆ ಅಲ್ಲಲ್ಲಿ ಗುಳಿ ಬೀಳುವ ತುಕ್ಕು ಬರಬಹುದು.

ನಾನು ಸೈಟಿನಲ್ಲೇ ನಿಂತು ಅಳೆದು ಹಾಕಿಸುವವನು, ಹಾಗಾಗಿ ನನಗೆ ನೈಟ್ರೈಟೇ. ಖರ್ಚು ಹಿಡಿಯಲು ಸಮುದ್ರದ ಕಡೆಯ ಕಂಬ, ಬೀಮುಗಳಿಗೆ ಮಾತ್ರ ಹಾಕಿಸಿದೆ, ಅದರ ಜೊತೆಗೆ 50 ಮಿಮೀ ಕವರನ್ನೂ ತಪ್ಪಿಸದೆ. ಸೈಟಿಗೆ ಹೋಗಲು ಪುರುಸೊತ್ತಿಲ್ಲದವರು ಪ್ರೈಮರ್ ಬಳಿಸಿ. ಹಳೇ ಸಜ್ಜಾವನ್ನು ಕೊನೆಗೆ ಒಡೆಸಿ ಹೊಸದಾಗಿ ಹಾಕಿಸಿದೆ. ಉಳಿದ ಅರ್ಧ ಕ್ಯಾನ್ ಅಮೈನ್ ಇನ್ನೂ ಕೊಟ್ಟಿಗೆಯಲ್ಲಿದೆ.